ಏಳು ಎಂಬಿಯ ಸಾಕ್ಷಿ

ನನ್ನ ಕೈ ಮೇಲೆ ಒಬ್ಬ ನಿಂತಿದ್ದ!

ನಾನು ಅಲ್ಲಿದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನ ಬೂಟಿನ ಕೆಳಗೆ ಮೂರು ಪದರ ರೆಕ್ಸಿನ್, ಅದರ ಕೆಳಗೆ ನನ್ನ ಎಡಗೈಯ ನಾಲ್ಕು ಬೆರಳು. ಹೊಲಿದು ಗುಡ್ಡೆ ಹಾಕಿದ್ದ ಕಾರ್ ಸೀಟ್ ಕವರ್‌ಗಳ ಅಡಿಯಲ್ಲಿ ನಾನು ಬೋರಲು ಬಿದ್ದಿದ್ದೆ. ಬಾಯಲ್ಲಿ ಫೋಮಿನ ತುಂಡೊಂದನ್ನು ಕಚ್ಚಿಕೊಂಡಿದ್ದೆ. ಕಿರುಚಿದರೆ ಕೇಸು ಹೋಯಿತು... ಕಿರುಚದಿದ್ದರೆ ಬೆರಳು ಹೋಯಿತು.

ಬೆರಳು ಹೋಗಲಿ ಅಂದುಕೊಂಡೆ.

“ಎಲ್ಲಿ ಅವನು?” ಮೇಲಿನಿಂದ ಒಂದು ದನಿ. ಹಿಂದೆಯೇ ಕೆಮ್ಮು. ಉದ್ದನೆಯ ಒಣಕೆಮ್ಮು.

“ಯಾರಪ್ಪಾ?” ಅಂಗಡಿಯ ಅಕ್ಕನ ದನಿ.

“ಸೌಂಡಣ್ಣ. ನಿನ್ನ ಅಂಗಡಿಗೆ ನುಗ್ಗಿದ್ದನ್ನ ನೋಡಿದವರಿದಾರೆ.”

“ಬಂದಿದ್ದ, ಹೋದ. ಬಂದವರನ್ನೆಲ್ಲ ಕೂಡಿ ಹಾಕ್ಕೊಳ್ಳೋಕೆ ಇದೇನು ಲಾಕಪ್ಪಾ?”

“ನಾಲಿಗೆ ಬಹಳ ಉದ್ದ ಇದೆ.”

“ಕತ್ತರಿನೂ ಉದ್ದ ಇದೆ. ನಿನ್ನ ಜೊತೆಯವನಿಗೆ ಮೊದಲು ಆ ರಾಶಿ ಮೇಲಿಂದ ಇಳಿಯೋಕೆ ಹೇಳು. ಇವತ್ತು ಡೆಲಿವರಿ ಕೊಡೋ ಮಾಲು. ಬೂಟಿನ ಗುರುತು ಬಿದ್ರೆ ಯಾರು ತಗೋತಾರೆ?”

ಬೂಟು ಎದ್ದಿತು. ಬೆರಳಿಗೆ ರಕ್ತ ಹರಿಯಿತು. ಆಗ ಶುರುವಾಯಿತು ನೋಡಿ ನಿಜವಾದ ನೋವು! ಕಣ್ಣಲ್ಲಿ ನೀರು ಬಂತು, ಆದರೆ ಫೋಮ್ ಬಿಡಲಿಲ್ಲ.

ಕೆಮ್ಮು ಬೀದಿಗೆ ಇಳಿಯಿತು. ಹತ್ತು ಹೆಜ್ಜೆ ದೂರ ಹೋಗಿ ಅಲ್ಲೇ ನಿಂತಿತು.

ನಾನು ಗೆದ್ದ ಕತೆ ಕೇಳೋಣ ಅಂತ ಕೂತಿದ್ದರೆ ಈಗಲೇ ಎದ್ದುಹೋಗಿ. ಇದು ಅಂಥದ್ದಲ್ಲ.

ಹದಿನೆಂಟು ವರ್ಷ ನಾನು ರೇಡಿಯೊ ಸ್ಟೇಷನ್ನಿನಲ್ಲಿ ಸೌಂಡ್ ಇಂಜಿನಿಯರ್ ಆಗಿದ್ದೆ. ಈಗ ಬಾಡಿಗೆ ಕಿವಿ. ಹೆಂಡತಿಯ ಮೇಲೆ ಅನುಮಾನ ಪಡುವವರು, ಪಾರ್ಟ್‌ನರ್ ಮೇಲೆ ಅನುಮಾನ ಪಡುವವರು, ವಕೀಲರು... ಎಲ್ಲರೂ ನನ್ನ ಹತ್ತಿರ ಬರುತ್ತಾರೆ. ಗದ್ದಲದಿಂದ ಮಾತನ್ನು ಹೆಕ್ಕಿ ಕೊಡುತ್ತೇನೆ. ಬೇಡದವರ ರೂಮಿನಲ್ಲಿ ಬೇಕಾದ ಮೈಕ್ ಇಟ್ಟು ಬರುತ್ತೇನೆ. ದೊಡ್ಡ ಆಡಿಯೊ ಫೈಲನ್ನು ಚಿಕ್ಕದು ಮಾಡಿ ಕೊಡುತ್ತೇನೆ. ಕೊನೆಯದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಉಳಿಸುವುದು ನನಗೆ ಚಟ. ಕೆಲವರಿಗೆ ಸಿಗರೇಟು ಹೇಗೋ ಹಾಗೆ.

ಅಕ್ಕ ಅಂದೆನಲ್ಲ, ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಬೀದಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ಕಾರ್ ಸೀಟಿನ ಕವರ್ ಹೊಲಿಯುತ್ತಾಳೆ. ತಾಯಿ ತಂದೆ ಇಲ್ಲದ ಮನೆಯಲ್ಲಿ ಒಬ್ಬ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದಳು. ಆ ತಮ್ಮ ಸ್ಟೀಲ್ ಸಿಂಕ್ ತಯಾರಿಸುವ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಆಪರೇಟರ್. ಮೂರು ತಿಂಗಳ ಹಿಂದೆ ಅವನ ಪ್ರೆಸ್ಸಿನೊಳಗೆ ಸಿಕ್ಕಿ ಜೊತೆ ಕೆಲಸಗಾರನೊಬ್ಬ ಸತ್ತ. ಸೇಫ್ಟಿ ಸೆನ್ಸರ್‌ನ ವೈರ್ ಕಿತ್ತುಹೋಗಿತ್ತು. ಬಟನ್ ಒತ್ತಿದ್ದು ಆಪರೇಟರೇ ಅಂತ ಮ್ಯಾನೇಜರ್ ಹೇಳಿಕೆ ಕೊಟ್ಟ. ತಮ್ಮ ಜೈಲು ಸೇರಿದ.

“ಹೋದ್ರಾ?” ರಾಶಿಯೊಳಗಿಂದ ಪಿಸುಗುಟ್ಟಿದೆ.

“ತಿರುವಿನಲ್ಲಿ ನಿಂತಿದಾರೆ. ಬೆರಳು ತೋರಿಸಿ ಅಣ್ಣಾ... ಅಯ್ಯೋ!”

“ಬೆರಳು ಇರ್ಲಿ. ಟೈಮ್ ಎಷ್ಟು?”

“ಹನ್ನೊಂದೂವರೆ.”

ಮಧ್ಯಾಹ್ನ ಒಂದಕ್ಕೆ ಗಡುವು ಮುಗಿಯುತ್ತಿತ್ತು. ಕೋರ್ಟಿಗೆ ಸಾಕ್ಷಿ ಸಲ್ಲಿಸಲು ಅದೇ ಕೊನೆಯ ದಿನ. ಅದೂ ವೆಬ್‌ಸೈಟಿನಲ್ಲೇ ಹಾಕಬೇಕು.

ಆ ಬೆಳಗ್ಗೆ ನಡೆದದ್ದು ಇಷ್ಟು. ಫ್ಯಾಕ್ಟರಿಯ ಮೇಂಟೆನೆನ್ಸ್ ಮುದುಕ, ಎಲ್ಲರೂ ಬೇರಿಂಗ್ ಮಾಮ ಅನ್ನುತ್ತಾರೆ, ಅಕ್ಕನ ಅಂಗಡಿಗೆ ಬಂದು ಒಂದು ಪುಟ್ಟ ರೆಕಾರ್ಡರ್ ಇಟ್ಟು ಹೋಗಿದ್ದ. ಮೆಷಿನ್ನಿನ ಸದ್ದು ರೆಕಾರ್ಡ್ ಮಾಡಿ, ಯಾವ ಬೇರಿಂಗ್ ಹಾಳಾಗುತ್ತಿದೆ ಅಂತ ಕಂಡುಹಿಡಿಯುವುದು ಅವನ ಕೆಲಸ. ಅಪಘಾತದ ದಿನ ಆ ರೆಕಾರ್ಡರ್ ನಾಲ್ಕನೇ ನಂಬರಿನ ಪ್ರೆಸ್ಸಿಗೆ ಅಂಟಿಕೊಂಡೇ ಇತ್ತು! ಮೂರು ತಿಂಗಳು ಮುದುಕ ಹೆದರಿ ಬಾಯಿ ಬಿಟ್ಟಿರಲಿಲ್ಲ. “ನನಗೆ ನಿದ್ದೆ ಬರ್ತಿಲ್ಲ ತಾಯೀ” ಅಂದನಂತೆ. ಹಾಗಂದು ಬಸ್ ಹತ್ತಿ ಊರೇ ಬಿಟ್ಟ. ಆದರೆ ಬಸ್ ಹತ್ತುವ ಮುಂಚೆ ಯಾರ ಕೈಗೋ ಸಿಕ್ಕಿ ಎಲ್ಲ ಒದರಿಯೂ ಬಿಟ್ಟಿದ್ದ. ಅದಕ್ಕೇ ಈ ಇಬ್ಬರು.

ಕೆಮ್ಮುವವನಿಗೆ ನಾನಿಟ್ಟ ಹೆಸರು ಕೆಮ್ಮು. ಇನ್ನೊಬ್ಬ ಬಾಗಿಲು. ಅವನು ಅಡ್ಡ ನಿಂತರೆ ಆಚೆ ಏನಿದೆಯೆಂದು ಕಾಣುವುದಿಲ್ಲ.

ಅಕ್ಕ ಕರೆದಳೆಂದು ನಾನು ಹತ್ತು ಗಂಟೆಗೇ ಬಂದಿದ್ದೆ. ರೆಕಾರ್ಡರಿನ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಹೆಡ್‌ಫೋನ್ ಏರಿಸಿ ಕೇಳಿದ್ದೆ. ಒಂದು ಗಂಟೆಯ ರೆಕಾರ್ಡಿಂಗ್. ಪೂರಾ ಗುಡುಗು. ನಲವತ್ತೊಂದನೇ ನಿಮಿಷದಲ್ಲಿ ಪ್ರೆಸ್ಸಿನ ಅಬ್ಬರದ ಅಡಿಯಲ್ಲಿ ಏನೋ ಮಿಸುಕಿತು. ಫಿಲ್ಟರ್ ಹಾಕಿ ಅಬ್ಬರವನ್ನು ತಗ್ಗಿಸಿದೆ.

ಮ್ಯಾನೇಜರ್!

“ವೈರ್ ಕಿತ್ತು ಹಾಕಾಯ್ತಲ್ಲ. ಇನ್ನೇನು ನೋಡ್ತೀಯ?”

“ಸರ್, ಅವನು ಇನ್ನೂ ಒಳಗಿದಾನೆ ಸರ್! ಒಂದ್ನಿಮಿಷ ನಿಲ್ಲಿ ಸರ್!” ಇದು ತಮ್ಮ.

“ಲೈನ್ ನಿಲ್ಲಿಸೋಕೆ ನಿನಗ್ಯಾರು ಹೇಳಿದ್ದು? ಸರಿ ಆ ಕಡೆ. ನಾನೇ ಒತ್ತುತೀನಿ.”

ಆಮೇಲೆ ಪ್ರೆಸ್ ಇಳಿದ ಸದ್ದು. ಅದರ ನಂತರ ಕೇಳಿದ್ದನ್ನು ನಾನು ಹೇಳುವುದಿಲ್ಲ.

ಹನ್ನೊಂದು ಸೆಕೆಂಡ್. ಅಷ್ಟೇ. ಒಬ್ಬನನ್ನು ಜೈಲಿನಿಂದ ಬಿಡಿಸಿ ಇನ್ನೊಬ್ಬನನ್ನು ಒಳಗೆ ಹಾಕಲು ಅಷ್ಟು ಸಾಕಿತ್ತು. ಅಕ್ಕನಿಗೂ ಹೆಡ್‌ಫೋನ್ ಕೊಟ್ಟೆ. ಅವಳು ಅಳಲಿಲ್ಲ. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, “ನನ್ನ ಮಗು ನಿಲ್ಲಿ ಅಂದಿದೆ... ಕೇಳಿದ್ರಾ ಅಣ್ಣಾ? ನಿಲ್ಲಿ ಅಂದಿದೆ!” ಅಂದಳು. ಅಷ್ಟರಲ್ಲಿ ಬೀದಿಯಲ್ಲಿ ಕೆಮ್ಮು ಕೇಳಿಸಿತು. ನಾನು ಕಾರ್ಡನ್ನು ಬನಿಯನ್ನಿನೊಳಗೆ ತುರುಕಿ ಸೀಟ್ ಕವರುಗಳ ಕೆಳಗೆ ಹೊಕ್ಕೆ. ಅವಳು ಲ್ಯಾಪ್‌ಟಾಪ್ ಮೇಲೆ ಬಟ್ಟೆಯ ಥಾನು ಉರುಳಿಸಿದಳು.

ಈಗ ನಿಮಗೆ ಎಲ್ಲ ಗೊತ್ತಾಯಿತು. ಮುಂದೆ ಕೇಳಿ.

ಕತ್ತರಿಸುವ ಮೇಜಿನ ಕೆಳಗೆ ಕೂತು ಲ್ಯಾಪ್‌ಟಾಪ್ ತೆರೆದೆ. ತಮ್ಮನ ಕೇಸು ನಡೆಸುತ್ತಿದ್ದ ವಕೀಲಮ್ಮನಿಗೆ ಫೋನ್ ಹಚ್ಚಿದೆ. ಆಕೆ ಬೇರೊಂದು ಕೇಸಿಗಾಗಿ ಕೋರ್ಟಿನ ಮೆಟ್ಟಿಲ ಮೇಲಿದ್ದರು. ಸುತ್ತ ಗಲಾಟೆ.

“ಸಿಕ್ತು ಮೇಡಂ! ಮ್ಯಾನೇಜರ್ ದನಿ ಸಿಕ್ತು!”

“ನಿಜವಾಗ್ಲೂ? ಬೇಗ ಅಪ್‌ಲೋಡ್ ಮಾಡಿ. ಐಡಿ, ಪಾಸ್‌ವರ್ಡ್ ಕಳಿಸ್ತೀನಿ. ಫೈಲ್ ಸೈಜ್ ಎಷ್ಟಿದೆ?”

“ಎರಡು ಜಿಬಿ.”

“ಒಂದು ಫೈಲಿಗೆ ಹತ್ತು ಎಂಬಿಗಿಂತ ಜಾಸ್ತಿ ತಗೊಳ್ಳಲ್ಲ ಆ ವೆಬ್‌ಸೈಟು!”

“ಆ ಹನ್ನೊಂದು ಸೆಕೆಂಡ್ ಮಾತ್ರ ಕತ್ತರಿಸಿ ಹಾಕ್ಲಾ?”

“ಅಯ್ಯೋ ಬೇಡ ಬೇಡ! ಬರೀ ತುಂಡು ಹಾಕಿದ್ರೆ ತಿರುಚಿದಾರೆ ಅಂತ ಎತ್ತಿ ಬಿಸಾಕ್ತಾರೆ. ಒಂದು ಗಂಟೆನೂ ಪೂರ್ತಿ ಇರಬೇಕು. ಫಿಲ್ಟರ್ ಗಿಲ್ಟರ್ ಏನೂ ಹಾಕಬೇಡಿ, ಅದನ್ನೆಲ್ಲ ಕೋರ್ಟಿನ ಎಕ್ಸ್‌ಪರ್ಟ್ ಮಾಡ್ತಾರೆ. ಸೈಜ್ ಕಡಿಮೆ ಮಾಡ್ಬಹುದು, ಅಷ್ಟೇ. ನಿಮ್ಮ ಕೈಲಿ ಆಗುತ್ತಾ?”

ನನ್ನ ಕೈಲಿ ಆಗುತ್ತಾ! ಮೀನಿಗೆ ಈಜಲು ಬರುತ್ತಾ ಅಂತ ಕೇಳಿದ ಹಾಗಿತ್ತು.

“ಎರಡು ಜಿಬಿನ ಏಳು ಎಂಬಿ ಮಾಡಿ ಕೊಡ್ತೀನಿ ಮೇಡಂ.”

“ಅಷ್ಟು ಚಿಕ್ಕದಾದ್ರೆ ಮಾತು ಕೇಳುತ್ತಾ?”

“ಗಂಟೆ ಹೊಡೆದ ಹಾಗೆ ಕೇಳುತ್ತೆ.”

ಆ ಮಾತನ್ನು ಹೇಳಿದ್ದು ನಾನು. ಬೇರೆ ಯಾರೂ ಅಲ್ಲ. ಅದನ್ನು ನೆನಪಿಡಿ.

ಹನ್ನೆರಡು ಆಗಿತ್ತು. ಕೆಲಸ ಶುರು ಮಾಡಿದೆ. ಬೇರಿಂಗ್ ಮಾಮ ಅಷ್ಟು ದೊಡ್ಡ ಫೈಲ್ ಯಾಕೆ ಇಟ್ಟುಕೊಳ್ಳುತ್ತಿದ್ದ ಗೊತ್ತೇ? ಬೇರಿಂಗ್ ಒಡೆಯುವ ಮುಂಚೆ ಸಣ್ಣಗೆ ಗೀರುತ್ತದೆ. ಆ ಗೀರು ಸಿಗಬೇಕಾದರೆ ಸದ್ದಿನ ಒಂದು ಕಣವನ್ನೂ ಬಿಡುವಂತಿಲ್ಲ. ನನಗೆ ಬೇರಿಂಗ್ ಕಟ್ಟಿಕೊಂಡು ಏನಾಗಬೇಕು? ಎರಡು ಮೈಕಿನ ಸದ್ದನ್ನು ಒಂದು ಮಾಡಿದೆ. ಫೈಲ್ ಅರ್ಧವಾಯಿತು. ಮನುಷ್ಯರ ಮಾತಿಗೆ ಬೇಕಾದಷ್ಟು ಸದ್ದು ಇಟ್ಟು ಅದಕ್ಕಿಂತ ಕೀರಲಾದದ್ದನ್ನೆಲ್ಲ ಬಿಟ್ಟೆ. ಇನ್ನಷ್ಟು ಇಳಿಯಿತು. ಕೊನೆಗೆ ಬಿಟ್‌ರೇಟ್, ಅಂದರೆ ಒಂದೊಂದು ಸೆಕೆಂಡಿಗೆ ಎಷ್ಟು ಡೇಟಾ ಖರ್ಚು ಮಾಡಬೇಕು ಅನ್ನುವ ಲೆಕ್ಕ. ಹದಿನಾರು ಕಿಲೋಬಿಟ್‌ಗೆ ಇಳಿಸಿದೆ. ಅಷ್ಟರೊಳಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಅಂತ ಸಾಫ್ಟ್‌ವೇರ್ ತಾನೇ ತೀರ್ಮಾನಿಸುತ್ತದೆ.

ಡಿಸ್ಕಿನಲ್ಲಿ ಎರಡು ಜಿಬಿ ಯಾಕೆ ದಂಡ ಮಾಡುವುದು ಅಂತ ಮೂಲ ಫೈಲನ್ನು ಲ್ಯಾಪ್‌ಟಾಪಿಗೆ ಕಾಪಿ ಕೂಡ ಮಾಡಲಿಲ್ಲ. ನೇರವಾಗಿ ಕಾರ್ಡಿನಿಂದಲೇ ಓಡಿಸಿದೆ. ಚಟ ಅಂದೆನಲ್ಲ.

ಬೀದಿಯಲ್ಲಿ ಕೆಮ್ಮು... ಹತ್ತಿರ ಬಂತು... ದೂರ ಹೋಯಿತು. ಅಕ್ಕ ಜೋರಾಗಿ ಮೆಷಿನ್ ತುಳಿಯುತ್ತಿದ್ದಳು. ನನ್ನ ಟೈಪಿಂಗ್ ಸದ್ದು ಹೊರಗೆ ಕೇಳಿಸದಿರಲಿ ಅಂತ ದಾರವೇ ಇಲ್ಲದ ಮೆಷಿನ್ನನ್ನು ತುಳಿಯುತ್ತಿದ್ದಳು!

ಹನ್ನೆರಡು ನಲವತ್ತು. ಮುಗಿಯಿತು. ಏಳು ಎಂಬಿ ಚಿಲ್ಲರೆ. ಹೆಡ್‌ಫೋನ್ ಹಾಕಿ ಮೊದಲ ನಿಮಿಷ ಕೇಳಿದೆ.

“ಪ್ರೆಸ್ ನಂಬರ್ ನಾಲ್ಕು. ಬೇರಿಂಗ್ ಟೆಸ್ಟ್. ಶುರು ಮಾಡಪ್ಪಾ.” ಮುದುಕನ ದನಿ ಸ್ವಚ್ಛ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ.

“ಹೇಗಿದೆ ಅಣ್ಣಾ?” ಅಕ್ಕ ಕೇಳಿದಳು.

“ಬೆಣ್ಣೆ.”

“ಅವನ ಮಾತು ಬರೋ ಜಾಗ ಇನ್ನೊಂದ್ಸಲ ಕೇಳ್ತೀರಾ?”

“ಟೈಮಿಲ್ಲ ಅಕ್ಕಾ. ಹದಿನೆಂಟು ವರ್ಷ ಇದೇ ಮಾಡಿದೀನಿ. ಮೊದಲ ನಿಮಿಷ ಸರಿ ಇದ್ರೆ ಎಲ್ಲ ಸರಿ ಇರುತ್ತೆ.”

ನನ್ನ ಕಸುಬಿನವರೆಲ್ಲ ಮಾಡುವುದೇ ಹಾಗೆ. ಗಂಟೆಗಟ್ಟಲೆಯ ಫೈಲನ್ನು ಯಾವನೂ ಪೂರ್ತಿ ಕೇಳುವುದಿಲ್ಲ. ಮೊದಲ ನಿಮಿಷ ಕೇಳುತ್ತೇವೆ, ಸೈಜ್ ನೋಡುತ್ತೇವೆ, ಕಳಿಸುತ್ತೇವೆ.

ಕಳಿಸಿದೆ. ಅವಳ ಫೋನಿನ ನೆಟ್‌ನಲ್ಲಿ ಅಪ್‌ಲೋಡಿನ ಗೀಟು ತೆವಳುತ್ತಾ ಮುಂದೆ ಹೋಯಿತು. ಅರವತ್ತು... ಎಂಬತ್ತು... ತೊಂಬತ್ತೈದು... ನಿಂತಿತು! ಮತ್ತೆ ಹೊರಟಿತು. ಹನ್ನೆರಡು ಐವತ್ತೆರಡಕ್ಕೆ ಹಸಿರು ಗುರುತು. ಸ್ವೀಕರಿಸಲಾಗಿದೆ!

ಅಕ್ಕ ಮೆಷಿನ್ ಮೇಲೆ ತಲೆಯಿಟ್ಟು ಆಗ ಅತ್ತಳು.

“ಹಿಂದಿನ ಕಿಟಕಿಯಿಂದ ಹೋಗ್ತೀನಿ” ಅಂದೆ. “ಕಾರ್ಡನ್ನ ವಕೀಲಮ್ಮನ ಕೈಗೆ ಕೊಟ್ಟು ಬರ್ತೀನಿ. ನೀನು ಏನೂ ಆಗದವಳ ಹಾಗೆ ಹೊಲೀತಿರು.”

ಕಾರ್ಡನ್ನು ಮತ್ತೆ ಬನಿಯನ್ನಿನೊಳಗೆ ತುರುಕಿ, ಲ್ಯಾಪ್‌ಟಾಪ್ ಚೀಲ ಹಿಡಿದು ಕಿಟಕಿ ಹಾರಿದೆ. ಗುಜರಿ ಅಂಗಡಿಗಳ ಸಂದಿ. ಹಳೇ ಗೇರ್‌ಬಾಕ್ಸು, ಕಾರಿನ ಬಾಗಿಲು, ಎಣ್ಣೆ ಕೆಸರು. ಐವತ್ತು ಹೆಜ್ಜೆ ನಡೆದಿರಲಿಲ್ಲ, ಹಿಂದೆ ಕೆಮ್ಮು!

ಕಾಲಿಗೆ ಬುದ್ಧಿ ಹೇಳಿದೆ.

ನನ್ನ ವಯಸ್ಸು ಐವತ್ತಮೂರು. ಮಂಡಿ ಎರಡೂ ರಿಪೇರಿಗೆ ಬಂದಿವೆ. ಆದರೂ ಓಡಿದೆ. ಸಂದಿ ದಾಟಿದೆ, ಟೈರುಗಳ ಗುಡ್ಡೆ ಹತ್ತಿಳಿದೆ, ಹೊರಟಿದ್ದ ಬಸ್ಸಿನ ಕಂಬಿ ಹಿಡಿದೆ. ಎಡಗೈ ಬೆರಳು ಮಡಚಲಿಲ್ಲ. ಕಂಬಿ ಜಾರಿತು. ರಸ್ತೆಯ ಮೇಲೆ ಉರುಳಿದೆ. ಎದ್ದೆ, ರೈಲ್ವೆ ಹಳಿಯ ಮೇಲಿನ ಕಾಲ್ಸೇತುವೆ ಹತ್ತಿದೆ. ಮೆಟ್ಟಿಲ ಮೇಲಿದ್ದವರೆಲ್ಲ ನನ್ನನ್ನೇ ಕಳ್ಳ ಅಂದುಕೊಂಡು ದಾರಿ ಬಿಟ್ಟರು.

ಸೇತುವೆಯ ಆ ತುದಿಯಲ್ಲಿ ಕೆಮ್ಮು ನಿಂತಿದ್ದ. ಸ್ಕೂಟರಿನಲ್ಲಿ ಸುತ್ತಿ ಬಂದಿದ್ದ. ನನ್ನಷ್ಟೂ ಏದುಸಿರು ಇರಲಿಲ್ಲ ಅವನಿಗೆ, ಕೆಮ್ಮು ಇದ್ದರೂ!

“ಯಾಕೆ ಸೌಂಡಣ್ಣಾ ಈ ವಯಸ್ಸಲ್ಲಿ?” ಅಂದ. “ಕಾರ್ಡ್ ಕೊಡಿ.”

“ಯಾವ ಕಾರ್ಡು?”

ಅವನು ಜೇಬಿನಿಂದ ಫೋನ್ ತೆಗೆದು ನನ್ನ ಮುಖದ ಮುಂದೆ ಹಿಡಿದ. ವಿಡಿಯೊ ಕಾಲ್. ಅಕ್ಕನ ಅಂಗಡಿ. ಬಾಗಿಲು ಅವಳ ಬಲಗೈಯನ್ನು ಹಿಡಿದು ಮೆಷಿನ್ನಿನ ಸೂಜಿಯ ಕೆಳಗೆ ಇಟ್ಟಿದ್ದ. ಅವನ ಕಾಲು ಪೆಡಲಿನ ಮೇಲಿತ್ತು. ರೆಕ್ಸಿನ್ ತೂತು ಮಾಡುವ ಸೂಜಿ ಅದು. ಬೆರಳ ಮೂಳೆ ಅದಕ್ಕೆ ಯಾವ ಲೆಕ್ಕ?

“ಕೊಡಬೇಡಿ ಅಣ್ಣಾ!” ಫೋನಿನಲ್ಲಿ ಅವಳ ಕೂಗು. “ನನ್ನ ಕೈ ಹೋದ್ರೆ ಹೋಗ್ಲಿ! ಕೊಡಬೇಡಿ!”

“ಮೂರು ಎಣಿಸ್ತೀನಿ” ಅಂದ ಕೆಮ್ಮು. ಬೆದರಿಸುವ ದನಿಯೂ ಅಲ್ಲ. ಬಸ್ಸಿಗೆ ಕಾಯುವವನ ದನಿ.

ನಾನು ಏನು ಮಾಡಿದೆ ಗೊತ್ತೇ? ನಕ್ಕೆ!

“ಹೆದರಬೇಡ ಅಕ್ಕಾ” ಅಂತ ಫೋನಿಗೆ ಕೂಗಿದೆ. “ನಮ್ಮ ಕೆಲಸ ಆಗಿಹೋಗಿದೆ. ಇದು ಖಾಲಿ ಡಬ್ಬ. ಇದಕ್ಕೋಸ್ಕರ ನೀನು ಬೆರಳು ಕಳ್ಕೋಬೇಡ!”

“ಬೇಡ ಅಣ್ಣಾ, ನನ್ನ ಮಾತು ಕೇಳಿ...”

“ನನ್ನನ್ನ ನಂಬು!”

ಬನಿಯನ್ನಿನೊಳಗಿಂದ ಕಾರ್ಡ್ ತೆಗೆದು ಕೊಟ್ಟೆ. ಕೆಮ್ಮು ಜೇಬಿನಿಂದ ಒಂದು ಕಟಿಂಗ್ ಪ್ಲೇಯರ್ ತೆಗೆದ. ಕಟ್. ಕಟ್. ಕಟ್. ಕಾರ್ಡ್ ನಾಲ್ಕು ಚೂರಾಯಿತು. ಕೆಳಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಕಲ್ಲಿದ್ದಲಿನ ಡಬ್ಬಿಗಳ ಮೇಲೆ ಒಂದೊಂದೇ ಚೂರು ಉದುರಿಸಿದ. ನನ್ನ ಲ್ಯಾಪ್‌ಟಾಪ್ ಚೀಲವನ್ನೂ ಕೈಯಿಂದ ಕಿತ್ತು ಹಾಗೆಯೇ ಎಸೆದ.

“ರೆಕಾರ್ಡಿಂಗ್ ಆಗಲೇ ಕೋರ್ಟ್ ಸೇರಿದೆ. ನಿನ್ನ ಸಾಹೇಬರಿಗೆ ಹೇಳು” ಅಂದೆ.

“ಅದು ನನಗೆ ಸಂಬಂಧ ಇಲ್ಲ. ನನಗೆ ಹೇಳಿದ್ದು ಕಾರ್ಡ್ ಮಾತ್ರ” ಅಂದ. ಫೋನಿಗೆ, “ಬಿಟ್ಬಿಡೋ” ಅಂದ. ಕೆಮ್ಮುತ್ತಾ ಇಳಿದು ಹೋದ.

ಸೇತುವೆಯ ಮೇಲೆ ಒಬ್ಬನೇ ನಿಂತು ಮತ್ತೆ ನಕ್ಕೆ. ಬೆಪ್ಪರ ಹಾಗೆ ಮೋಸ ಹೋದರು ಅಂತ! ಅವತ್ತು ನನ್ನಷ್ಟು ಖುಷಿಯಾಗಿದ್ದವನು ಇರಲಿಲ್ಲ.

ಹನ್ನೊಂದು ದಿನದ ಮೇಲೆ ವಿಚಾರಣೆ.

ಸಣ್ಣ ಕೋರ್ಟ್ ಹಾಲು. ಮೂರು ಫ್ಯಾನುಗಳಲ್ಲಿ ಎರಡು ತಿರುಗುತ್ತಿದ್ದವು. ಸದ್ದು ಕೇಳಿಸಬೇಕು ಅಂತ ಅವನ್ನೂ ಆರಿಸಿದರು. ಎಲ್ಲರಿಗೂ ಬೆವರು. ಕಟಕಟೆಯಲ್ಲಿ ತಮ್ಮ ನಿಂತಿದ್ದ. ಜೈಲಿನ ಮೂರು ತಿಂಗಳಲ್ಲಿ ಕತ್ತಿನ ಮೂಳೆ ಹೊರಬಂದಿತ್ತು. ಹಿಂದಿನ ಸಾಲಿನಲ್ಲಿ ಮ್ಯಾನೇಜರ್. ಕಟ್ಟುಮಸ್ತಾದ ಆಳೇನೂ ಅಲ್ಲ. ಸಾಧಾರಣ ಮನುಷ್ಯ, ದಪ್ಪ ಕನ್ನಡಕ. ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ತಾನು ಏನು ಹೇಳಿದ್ದೆ ಅಂತ ಅವನಿಗೆ ಗೊತ್ತಿತ್ತು.

ಕೋರ್ಟೇ ನೇಮಿಸಿದ ಎಕ್ಸ್‌ಪರ್ಟ್ ಫೈಲ್ ಹಾಕಿದರು. ವಯಸ್ಸಾದ ಮನುಷ್ಯ, ಮೆಲುಮಾತು. ಸ್ಪೀಕರಿನಲ್ಲಿ ಬೇರಿಂಗ್ ಮಾಮನ ದನಿ. “ಪ್ರೆಸ್ ನಂಬರ್ ನಾಲ್ಕು. ಬೇರಿಂಗ್ ಟೆಸ್ಟ್...” ಸ್ವಚ್ಛ! ಅಕ್ಕ ನನ್ನ ಕೈ ಹಿಡಿದಳು. ಆಮೇಲೆ ಪ್ರೆಸ್ ಗುಡುಗಿತು. ಎಕ್ಸ್‌ಪರ್ಟ್ ನೇರವಾಗಿ ನಲವತ್ತನೇ ನಿಮಿಷಕ್ಕೆ ಹೋದರು. ಫಿಲ್ಟರ್ ಹಾಕಿ ಗುಡುಗನ್ನು ತಗ್ಗಿಸಿದರು.

ನಲವತ್ತೊಂದು.

ಗುಡುಗು ತಗ್ಗಿತು. ಅದರ ಅಡಿಯಲ್ಲಿ ನೀರು ಗುಳುಗುಳು ಅನ್ನುವಂಥ ಒಂದು ಸದ್ದು. ಅಷ್ಟೇ.

ಮಾತಿಲ್ಲ.

ಕಟಕಟೆಯಲ್ಲಿ ತಮ್ಮನ ತುಟಿ ಅಲ್ಲಾಡುತ್ತಿತ್ತು. ಅವನಿಗೆ ಒಂದೊಂದು ಪದವೂ ಗೊತ್ತಿತ್ತು. ಅವನು ಒಳಗಿದಾನೆ ಸರ್... ಒಂದ್ನಿಮಿಷ ನಿಲ್ಲಿ ಸರ್... ಎಲ್ಲಿ ಯಾವ ಪದ ಬರಬೇಕೋ ಅಲ್ಲಿ ಸರಿಯಾಗಿ ತುಟಿ ಆಡಿಸುತ್ತಾ ಸ್ಪೀಕರನ್ನೇ ನೋಡುತ್ತಿದ್ದ. ಸ್ಪೀಕರಿನಲ್ಲಿ ಗುಳುಗುಳು. ಪ್ರೆಸ್ ಇಳಿದ ಸದ್ದು ಮಾತ್ರ ಸ್ಪಷ್ಟವಾಗಿ ಬಂತು.

“ಇನ್ನೊಮ್ಮೆ” ಅಂದರು ನ್ಯಾಯಾಧೀಶರು.

ಇನ್ನೊಮ್ಮೆ. ಮತ್ತೊಮ್ಮೆ. ಮೊದಲ ಸಲ ಕೇಳಿದಾಗಲೇ ನನಗೆ ಅರ್ಥವಾಗಿತ್ತು. ನನ್ನ ಕಸುಬಲ್ಲವೇ!

ಎಕ್ಸ್‌ಪರ್ಟ್ ಕನ್ನಡಕ ತೆಗೆದು ಹೇಳಿದರು: “ಸ್ವಾಮಿ, ಮೂರು ದಿನ ಪ್ರಯತ್ನಪಟ್ಟೆ. ಜೋರು ಸದ್ದಿನ ಅಡಿಯಲ್ಲಿ ಸಣ್ಣ ಸದ್ದಿದ್ರೆ ನಮ್ಮ ಕಿವಿ ಅದನ್ನ ಗಮನಿಸೋದಿಲ್ಲ. ಹಾಗಾಗಿ ಫೈಲ್ ಚಿಕ್ಕದು ಮಾಡೋ ಸಾಫ್ಟ್‌ವೇರ್ ಮೊದಲು ಎಸೆಯೋದು ಅದನ್ನೇ. ಇಲ್ಲಿ ಮೆಷಿನ್ ಉಳಿದಿದೆ. ಮೆಷಿನ್ ಅಡಿಯಲ್ಲಿ ಮಾತು ಇತ್ತೋ ಇಲ್ವೋ, ಅದು ಹೋಗಿದೆ. ಎಸೆದಿದ್ದನ್ನ ಮತ್ತೆ ಹುಟ್ಟಿಸೋಕೆ ಆಗಲ್ಲ. ಒರಿಜಿನಲ್ ಇದ್ರೆ ಕೊಡಿ, ಹತ್ತು ನಿಮಿಷದಲ್ಲಿ ಹೇಳ್ತೀನಿ.”

ಒರಿಜಿನಲ್ ಕಲ್ಲಿದ್ದಲ ಜೊತೆ ಯಾವುದೋ ಬಾಯ್ಲರಿನಲ್ಲಿ ಬೂದಿಯಾಗಿತ್ತು.

ನನ್ನನ್ನು ಸಾಕ್ಷಿ ಕಟ್ಟೆಗೆ ಕರೆದರು. ಎಲ್ಲ ಹೇಳಿದೆ. ಹನ್ನೊಂದು ಸೆಕೆಂಡಿನ ಮಾತನ್ನು ಪದ ಬಿಡದೆ ಹೇಳಿದೆ. ಕೆಮ್ಮು, ಬಾಗಿಲು, ಸೂಜಿ, ಸೇತುವೆ... ಎಲ್ಲ. ಎದುರು ವಕೀಲರು ನಗುತ್ತಾ, “ಸಾಕ್ಷಿದಾರರ ನೆನಪಿನ ಶಕ್ತಿ ಚೆನ್ನಾಗಿದೆ” ಅಂದರು.

ನ್ಯಾಯಾಧೀಶರು ನಗಲಿಲ್ಲ. ಫೈಲಿನ ಹಾಳೆ ತಿರುವಿ ಕೇಳಿದರು: “ಪೂರ್ತಿ ರೆಕಾರ್ಡಿಂಗ್ ಹಾಕಿದ ಮೇಲೆ, ಮುಖ್ಯ ಭಾಗವನ್ನ ಮೂಲ ರೂಪದಲ್ಲೇ ಎರಡನೇ ಫೈಲ್ ಆಗಿ ಲಗತ್ತಿಸೋಕೆ ಅವಕಾಶ ಇದೆ. ನೀವು ಯಾಕೆ ಲಗತ್ತಿಸಲಿಲ್ಲ?”

ನಾನು ವಕೀಲಮ್ಮನ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದರು. ಗಂಟೆ ಹೊಡೆದ ಹಾಗೆ ಕೇಳುತ್ತೆ ಅಂದವನಿಗೆ ಎರಡನೇ ಫೈಲ್ ಬೇಕಾಗುತ್ತದೆ ಅಂತ ಆಕೆಗಾದರೂ ಹೇಗೆ ಹೊಳೆಯಬೇಕು?

“ಬೇಕಾಗುತ್ತೆ ಅಂತ ಅನ್ನಿಸಲಿಲ್ಲ ಸ್ವಾಮಿ” ಅಂದೆ.

ಹಿಂದಿನ ಸಾಲಿನಲ್ಲಿ ಮ್ಯಾನೇಜರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡ.

ಹೊರಗಿನ ವರಾಂಡದಲ್ಲಿ ಕೆಮ್ಮು ನಿಂತಿದ್ದ. ಅವನ ಕೊರಳಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲೂ ಇಲ್ಲ.

“ಹೊಡೀರಿ ಸೌಂಡಣ್ಣಾ. ಹೊಡೆದ್ರೆ ಸಮಾಧಾನ ಆಗೋದಾದ್ರೆ ಹೊಡೀರಿ” ಅಂದ. “ಆದ್ರೆ ಆ ದನಿ ಅಳಿಸಿದ್ದು ನಾನಲ್ಲ. ನಾನು ಕಾರ್ಡ್ ಮುರಿಯೋ ಹೊತ್ತಿಗೆ ನೀವು ಕೆಲಸ ಮುಗಿಸಿಬಿಟ್ಟಿದ್ರಿ.”

ಕೈ ಬಿಟ್ಟೆ.

“ಸಾಹೇಬ್ರು ನಿಮ್ಮನ್ನ ವಿಚಾರಿಸ್ತಿದ್ರು” ಅಂದ ಅವನು ಕಾಲರ್ ಸರಿಮಾಡಿಕೊಳ್ಳುತ್ತಾ. “ಇಂಥ ಕೆಲಸಕ್ಕೆ ನಾವು ಇನ್ನೂ ಕಟಿಂಗ್ ಪ್ಲೇಯರ್ ಉಪಯೋಗಿಸ್ತೀವಲ್ಲ... ನಿಮ್ಮಂಥವರು ಒಬ್ಬರು ಬೇಕು ಅಂದ್ರು.”

ಅವನು ಗೇಲಿ ಮಾಡಲಿಲ್ಲ. ನಿಜವಾಗಿಯೇ ಹೇಳಿದ. ಅದಕ್ಕೇ ನನಗೆ ಹೊಡೆಯಲು ಆಗಲಿಲ್ಲ.

ತೀರ್ಪು ಮುಂದಿನ ತಿಂಗಳು ಬಂತು. ಏಳು ವರ್ಷ. ಮೇಲ್ಮನವಿ ಹಾಕಬಹುದು ಅಂದರು ವಕೀಲಮ್ಮ. ಆದರೆ ಹೊಸ ಸಾಕ್ಷಿ ಬೇಕು ಅಂತಲೂ ಅಂದರು. ಬೇರಿಂಗ್ ಮಾಮನನ್ನು ಹುಡುಕಿಕೊಂಡು ನಾನು ಮೂರು ಊರು ಸುತ್ತಿದೆ. ಕೊನೆಗೆ ಒಂದು ಆಸ್ಪತ್ರೆಯಲ್ಲಿ ಸಿಕ್ಕಿದ. ಪಾರ್ಶ್ವವಾಯು. ನನ್ನನ್ನು ನೋಡಿ ಬಾಯಿ ತೆರೆದ, ದನಿ ಹೊರಡಲಿಲ್ಲ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೀರ್ಪಿನ ದಿನ ನಾನು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಹೊಲಿಯುತ್ತಿದ್ದಳು. ತಮ್ಮನ ಹೊಸ ಜೈಲು ದೂರದಲ್ಲಿದೆ, ತಿಂಗಳಿಗೊಮ್ಮೆ ನೋಡಲು ಬಿಡುತ್ತಾರೆ, ಹೋಗಿಬರಲು ಎರಡು ದಿನ ಬೇಕು ಅಂತ ಏನೇನೋ ಹೇಳಿದಳು. ಆಮೇಲೆ ಮೆಷಿನ್ ನಿಲ್ಲಿಸಿದಳು.

“ಅಣ್ಣಾ, ಒಂದು ಕೇಳ್ಲಾ?”

“ಕೇಳು.”

“ಆವತ್ತು ನಾನು ಕೇಳಿಸ್ಕೊಂಡೆನಲ್ಲ, ಅವನ ದನಿ... ಆ ಹನ್ನೊಂದು ಸೆಕೆಂಡ್. ಅದನ್ನ ಏನೂ ಚಿಕ್ಕದು ಮಾಡದೆ, ಇದ್ದಂಗೇ ಎರಡನೇ ಫೈಲ್ ಅಂತ ಹಾಕಿದ್ರೆ ಎಷ್ಟು ದೊಡ್ಡದಿರ್ತಿತ್ತು?”

ಸುಳ್ಳು ಹೇಳಬಹುದಿತ್ತು. ನನ್ನ ಕಸುಬಿನಲ್ಲಿ ಸುಳ್ಳಿಗೇನು ಬರವಿಲ್ಲ. ಆದರೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಆ ಲೆಕ್ಕವನ್ನು ನಾನು ಕೋರ್ಟಿನ ಮೆಟ್ಟಿಲು ಇಳಿಯುವಾಗಲೇ ಹಾಕಿದ್ದೆ. ಅವತ್ತಿನಿಂದ ದಿನಾ ಹಾಕುತ್ತಿದ್ದೆ.

“ಆರು ಎಂಬಿ ಚಿಲ್ಲರೆ” ಅಂದೆ.

ಅವಳಿಗೆ ಎಂಬಿ ಅಂದರೇನು ಗೊತ್ತಿಲ್ಲ. ಒಂದು ಫೈಲಿಗೆ ಹತ್ತೇ ಮಿತಿ ಅನ್ನುವುದು ಮಾತ್ರ ಗೊತ್ತು.

“ಹಂಗಂದ್ರೆ... ಹಿಡೀತಿರಲಿಲ್ವಾ?”

“ಹಿಡೀತಿತ್ತು ಅಕ್ಕಾ” ಅಂದೆ. “ಇನ್ನೂ ಜಾಗ ಮಿಗ್ತಿತ್ತು!”